ತಾಯಿಯ ವಿದ್ಯಾರ್ಹತೆ: ಬಿ.ಎ.

ನಮ್ಮ ಮನೆಯಲ್ಲಿ ಈ ಕಥೆ ಹೇಳುವುದಕ್ಕೆ ಒಂದು ಗೊತ್ತಾದ ಧಾಟಿ ಇದೆ. ಚಿಕ್ಕಮ್ಮನ ಹನ್ನೊಂದನೇ ದಿನದ ಊಟ ಮುಗಿದು, ನೆಂಟರೆಲ್ಲ ಶಾಮಿಯಾನದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗಲೂ ಅಪ್ಪನ ತಂಗಿ, ಅಂದರೆ ನನ್ನ ಸೋದರತ್ತೆ, ಅದೇ ಧಾಟಿಯಲ್ಲಿ ಶುರುಮಾಡಿದಳು. ಜಯನಗರದ ಕಾನ್ವೆಂಟಿನಲ್ಲಿ ನನಗೆ ಎಲ್‌ಕೆಜಿ ಸೀಟು ಸಿಕ್ಕಿದ್ದು ಹೇಗೆ, ಅವತ್ತು ಸಿಸ್ಟರ್ ಎದುರಿಗೆ ನನ್ನ ತಾಯಿಯಾಗಿ ಹೋಗಿ ಕೂತದ್ದು ಚಿಕ್ಕಮ್ಮ ಸುಧಾ, ಹೆತ್ತವಳು ಮನೆಯಲ್ಲೇ ಉಳಿದದ್ದು, ಇಬ್ಬರದೂ ಎಂಥ ದೊಡ್ಡ ಮನಸ್ಸು, ಇತ್ಯಾದಿ. ಕೊನೆಗೆ ಬರುವ ಸಾಲು ಮಾತ್ರ ಯಾವತ್ತೂ ಬದಲಾಗಿಲ್ಲ.

"ಅತ್ತಿಗೇನೇ ತಾನಾಗಿ ಅಂದ್ಬಿಟ್ರು, ನಂಗೆ ಇಂಗ್ಲಿಷ್ ಬರಲ್ಲ, ಸುಧಾನೇ ಹೋಗ್ಲಿ, ಮಗು ಮುಂದಕ್ಕೆ ಬಂದ್ರೆ ಸಾಕು ಅಂತ. ಎಲ್ಲಾರ್ಗೂ ಬರತ್ತಾ ಆ ಮನಸ್ಸು?"

ಎಲ್ಲರೂ ಲೊಚಗುಟ್ಟಿದರು. ಅಮ್ಮ ಅಲ್ಲೇ ನಲ್ಲಿಯ ಹತ್ತಿರ ಮಜ್ಜಿಗೆ ಕೊಳಗ ತೊಳೆಯುತ್ತಿದ್ದವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು. ನನಗೆ ಉಳಿದದ್ದೆಲ್ಲ ಬೇಡ, ಆ ಒಂದು ಪದದ ಮೇಲೆ ತಕರಾರು: ತಾನಾಗಿ. ಲಾ ಕಾಲೇಜಿನಲ್ಲಿ ಐದು ವರ್ಷ ಡಿಬೇಟು ಮಾಡಿದ ಮೇಲೆ ಒಂದು ಚಾಳಿ ಅಂಟಿಬಿಟ್ಟಿದೆ. ಯಾರಾದರೂ ಒಂದು ಸಂಗತಿಯನ್ನು ತುಂಬ ಚೆನ್ನಾಗಿ ಹೇಳಿದರೆ, ಇವರಿಗೆ ಇದನ್ನು ಇಷ್ಟು ಚೆನ್ನಾಗಿ ಹೇಳುವ ಅಗತ್ಯ ಏನಿತ್ತು ಅಂತ ಮೊದಲು ಅನ್ನಿಸುತ್ತದೆ. ಈ ಕಥೆಗಂತೂ ಒಂದು ಪಾಠಾಂತರವೂ ಇದೆ. ಅಜ್ಜಿ ಬದುಕಿದ್ದಷ್ಟು ದಿನ ಹೇಳುತ್ತಿದ್ದದ್ದು, ಅವತ್ತು ಅಮ್ಮನಿಗೆ ಕೆಂಡದಂಥ ಜ್ವರ ಅಂತ. ಜ್ವರ ಬಂದವಳು ತ್ಯಾಗ ಮಾಡಬೇಕಾಗಿಲ್ಲ, ತ್ಯಾಗ ಮಾಡುವವಳಿಗೆ ಜ್ವರ ಬರಬೇಕಾಗಿಲ್ಲ. ಒಂದೇ ಬೆಳಿಗ್ಗೆಗೆ ಎರಡು ಕಾರಣ ಇಟ್ಟುಕೊಂಡವರು ಮೂರನೆಯದನ್ನು ಮುಚ್ಚಿಟ್ಟಿರುತ್ತಾರೆ. ಅವತ್ತು ನನ್ನ ಅಮ್ಮ ತಾನಾಗಿ ಹಿಂದೆ ಸರಿದಳೋ, ಯಾರಾದರೂ ಸರಿಸಿದರೋ? ಸರಿಸಿದವರು ಯಾರು? ಬಹಳ ವರ್ಷದಿಂದ ನನಗೆ ಬೇಕಾಗಿದ್ದದ್ದು ಇಷ್ಟೇ.

ಕೋಣನಕುಂಟೆಯ ನಮ್ಮ ಮನೆಯ ಹಿಂದೆ ಒಂದು ಕಾಲಕ್ಕೆ ರಾಗಿ ಹೊಲ ಇತ್ತಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅಲ್ಲಿ ಶೀಟಿನ ಮಾಡಿನ ಆರು ಬಾಡಿಗೆ ಮನೆಗಳು ಸಾಲಾಗಿ ನಿಂತಿದ್ದವು. ನಾವಿದ್ದದ್ದು ಮುಂದಿನ ದೊಡ್ಡ ಮನೆಯಲ್ಲಿ. ಹಾಲು, ಹಾಲಿನ ಎಡಕ್ಕೆ ಅಜ್ಜಿಯ ಕೋಣೆ, ಬಲಕ್ಕೆ ನಮ್ಮದು, ಮಹಡಿಯ ಮೇಲೆ ಚಿಕ್ಕಪ್ಪ ಚಿಕ್ಕಮ್ಮನದು. ಅಡುಗೆಮನೆ ಮಾತ್ರ ಒಂದೇ. ಅಲ್ಲಿ ಒಲೆ ಅಮ್ಮನದು, ಕಿಟಕಿ ಚಿಕ್ಕಮ್ಮನದು. ಅಮ್ಮ ಮುದ್ದೆ ತಿರುವುತ್ತಿದ್ದರೆ ಚಿಕ್ಕಮ್ಮ ಕಿಟಕಿಯ ಕಟ್ಟೆಗೆ ಒರಗಿ, ಸೊಪ್ಪು ಬಿಡಿಸುತ್ತಾ, ಸೊಪ್ಪು ಸುತ್ತಿ ತಂದ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದಳು. ಅಮ್ಮ ತಲಘಟ್ಟಪುರದ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು ಪಾಸು ಮಾಡಿ ನಿಲ್ಲಿಸಿದವಳು. ಚಿಕ್ಕಮ್ಮ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಮಾಡಿದವಳು. ಅವಳು ಗೌನು ತೊಟ್ಟು ನಿಂತ ಫೋಟೋ ನಮ್ಮ ಹಾಲಿನಲ್ಲಿ ದೇವರ ಪಟಗಳ ಸಾಲಿನಲ್ಲೇ ಇತ್ತು, ಹಬ್ಬದ ದಿನ ಅದಕ್ಕೂ ಒಂದು ಹೂವು ಬೀಳುತ್ತಿತ್ತು. ಆದರೆ ಮದುವೆಯಾಗಿ ಏಳೆಂಟು ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಅಜ್ಜಿಯ ನಾಲಿಗೆಗೆ ಇಬ್ಬರು ಸೊಸೆಯರೂ ಒಂದೇ, ಒಬ್ಬಳನ್ನು ಹೊಗಳಿದರೆ ಇನ್ನೊಬ್ಬಳಿಗೆ ಚುಚ್ಚಬೇಕು. ಒಬ್ಳು ಓದ್ಕೊಂಡು ಬಂದ್ಲು, ಒಬ್ಳು ಹೆತ್ಕೊಟ್ಲು, ಎರಡೂ ಒಬ್ಳಿಂದಾನೇ ಆಗಿದ್ರೆ ಒಂದು ಮದುವೆ ಚಪ್ಪರ ಉಳೀತಿತ್ತು, ಅನ್ನುತ್ತಿದ್ದಳು. ಅಮ್ಮನೂ ಚಿಕ್ಕಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕುಬಿಡುತ್ತಿದ್ದರು. ನಗದೆ ಇನ್ನೇನು ಮಾಡುವುದು, ಒಂದೇ ಅಡುಗೆಮನೆ.

ನನ್ನನ್ನು ಕಾನ್ವೆಂಟಿಗೆ ಸೇರಿಸಬೇಕು ಅನ್ನುವುದು ಅಪ್ಪನ ಹಟ. ಅಪ್ಪನದು ಕನಕಪುರ ರಸ್ತೆಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ. ಹೊಸದಾಗಿ ಅಪಾರ್ಟ್‌ಮೆಂಟ್ ಕಟ್ಟಿಸುವವರು ಬಂದು ಇಂಗ್ಲಿಷಿನಲ್ಲಿ ಮಾತಾಡಿದರೆ, ಅಪ್ಪ ಎಸ್ ಸಾರ್ ಎಸ್ ಸಾರ್ ಅಂತ ತೋರಿಸಿದ ಜಾಗದಲ್ಲಿ ಸೈನು ಹಾಕಿ, ಸಂಜೆ ಆ ಕಾಗದವನ್ನು ಮನೆಗೆ ತಂದು ಚಿಕ್ಕಮ್ಮನ ಕೈಲಿ ಓದಿಸುತ್ತಿದ್ದ. ನನ್ನ ಮಗಳು ಯಾರಿಂದಲೂ ಓದಿಸಬಾರದು ಅನ್ನುತ್ತಿದ್ದ. ಫಾರಂಗಾಗಿ ಅವನೂ ಚಿಕ್ಕಪ್ಪನೂ ಬೆಳಗಿನ ಜಾವವೇ ಶಾಲೆಯ ಕಾಂಪೌಂಡಿಗೆ ಒರಗಿ ಕ್ಯೂ ನಿಂತು ಬಂದರು. ಹಿಂದಿನ ಮೂರನೇ ಮನೆಯಲ್ಲಿ ಬಾಡಿಗೆಗಿದ್ದ ಫಿಲೋಮಿನಾ ಆಂಟಿ ಆಸ್ಪತ್ರೆಯಲ್ಲಿ ನರ್ಸು, ಇಂಥ ಶಾಲೆಗಳ ರೀತಿ ಬಲ್ಲವಳು. ತುಂಬಾ ಒಡವೆ ಹಾಕ್ಕೊಂಡು ಹೋಗ್ಬೇಡಿ, ಮಗುಗಿಂತ ಅಪ್ಪ ಅಮ್ಮನ್ನೇ ಜಾಸ್ತಿ ನೋಡ್ತಾರೆ, ಮನೇಲಿ ಹೋಂವರ್ಕ್ ಮಾಡ್ಸೋರು ಇದ್ದಾರಾ ಅಂತ ಕೇಳ್ತಾರೆ, ಅಂತ ಅವಳು ಹೇಳಿಕೊಟ್ಟಳು. ಅಜ್ಜಿ ಮುನೇಶ್ವರನಿಗೆ ಹರಕೆ ಹೊತ್ತಳು. ಏಸುವಿನ ಶಾಲೆಗೆ ಮುನೇಶ್ವರ ಹೇಗೆ ಶಿಫಾರಸು ಮಾಡ್ತಾನೆ ಅಂತ ಚಿಕ್ಕಪ್ಪ ಕೇಳಿದ್ದಕ್ಕೆ, ದೊಡ್ಡೋರು ದೊಡ್ಡೋರು ಮಾತಾಡ್ಕೋತಾರೆ, ನಿಂಗ್ಯಾಕೆ, ಅಂದಳಂತೆ. ಫಿಲೋಮಿನಾ ಆಂಟಿಯೂ ತನ್ನ ಚರ್ಚಿನಲ್ಲಿ ನನ್ನ ಹೆಸರಿನಲ್ಲಿ ಮೇಣದ ಬತ್ತಿ ಹಚ್ಚಿದಳು. ಸೀಟು ಸಿಕ್ಕಿದ ಮೇಲೆ ಇಬ್ಬರೂ ತಂತಮ್ಮ ಕಡೆಯೇ ಗೆದ್ದದ್ದು ಅಂದುಕೊಂಡರು, ಅದು ಬೇರೆ.

ಫಾರಂ ತುಂಬಿಸಿದ್ದು ಚಿಕ್ಕಮ್ಮ. ಇದು ನಾನು ಕಂಡು ನೆನಪಿಟ್ಟದ್ದಲ್ಲ, ಕೇಳಿದ್ದು, ಆದರೆ ಈ ಭಾಗಕ್ಕೆ ಮನೆಯಲ್ಲಿ ಯಾರ ತಕರಾರೂ ಇಲ್ಲ. ಹಾಲಿನಲ್ಲಿ ಚಾಪೆ ಹಾಸಿ, ಕಾಗದಕ್ಕೆ ಮಡಿಕೆ ಬೀಳದ ಹಾಗೆ ಅಡಿಗೆ ಮಣೆ ಇಟ್ಟುಕೊಂಡು, ಒಂದೊಂದೇ ಅಕ್ಷರ ಕೂರಿಸಿದಳು. ತಾಯಿಯ ಹೆಸರು ಅನ್ನುವಲ್ಲಿ ಜಯಲಕ್ಷ್ಮಿ ಅಂತ ಅಮ್ಮನ ಹೆಸರು ಬರೆದಳು, ಜನನ ಪ್ರಮಾಣ ಪತ್ರದಲ್ಲಿ ಇದ್ದದ್ದು ಅದೇ. ಮುಂದಿನ ಕಾಲಂ ತಾಯಿಯ ವಿದ್ಯಾರ್ಹತೆ. ಏಳನೇ ಕ್ಲಾಸು ಪಾಸು ಅಂತ ಬರಿ, ಫಸ್ಟ್ ಕ್ಲಾಸು ಅಂತಾನೂ ಬರಿ, ಅಂದಳು ಅಮ್ಮ. ಅಪ್ಪ ಕೆಮ್ಮಿದ. ಚಿಕ್ಕಮ್ಮ ಒಂದು ಗಳಿಗೆ ಪೆನ್ನು ಎತ್ತಿ ಹಿಡಿದವಳು, ಯಾರು ಚೆಕ್ ಮಾಡ್ತಾರೆ ಬಿಡಕ್ಕ, ಅಂತ ಅಲ್ಲಿ ತನ್ನ ಬಿ.ಎ. ಬರೆದುಬಿಟ್ಟಳು. ಪ್ರೀತಿಯಿಂದಲೇ ಬರೆದಳು, ಅದರಲ್ಲಿ ಸಂಶಯವಿಲ್ಲ. ಮನೆಯಲ್ಲಿ ಒಂದು ಡಿಗ್ರಿ ಇದೆ, ಮನೆಗೆ ಒಂದೇ ಮಗು ಇದೆ, ಇದ್ದದ್ದನ್ನು ಮಗುವಿಗೆ ಉಪಯೋಗಿಸುವುದು ತಾನೇ ಅನ್ನುವುದು ಅವರ ಲೆಕ್ಕ. ಚಿನ್ನ, ಸೀರೆ, ತವರಿಂದ ಬಂದ ಪಾತ್ರೆ ಎಲ್ಲವನ್ನೂ ಹಂಚಿಕೊಂಡು ಬದುಕುವ ಮನೆ, ಬಿ.ಎ.ಯನ್ನೂ ಹಂಚಿಕೊಂಡಿತು. ಏಳನೇ ಕ್ಲಾಸು ಅಂತಲೇ ಬರೆದಿದ್ದರೆ ಅಮ್ಮ ಹೋಗಿ ಏಳನೇ ಕ್ಲಾಸಿನವಳ ಹಾಗೆ ಕೂತು ಬರಬಹುದಿತ್ತು. ಬಿ.ಎ. ಅಂತ ಬರೆದ ಮೇಲೆ ಬಿ.ಎ. ಮಾಡಿದವಳ ಹಾಗೆ ಮಾತಾಡಬೇಕಲ್ಲ. ಇಂಟರ್‌ವ್ಯೂಗೆ ಇನ್ನೊಂದು ತಿಂಗಳು ಇತ್ತು. ಒಂದು ತಿಂಗಳಲ್ಲಿ ಅಮ್ಮನನ್ನು ಬಿ.ಎ. ಮಾಡುವ ಕೆಲಸಕ್ಕೆ ಮನೆ ಇಳಿಯಿತು.

ಆ ತಿಂಗಳು ನನಗೆ ನೆನಪಿದೆ. ನಾಲ್ಕು ವರ್ಷದ ನೆನಪಿಗೆ ಎಷ್ಟು ಬೆಲೆ ಅಂತ ನೀವು ಕೇಳಬಹುದು, ನಾನೂ ಕೇಳಿಕೊಂಡಿದ್ದೇನೆ, ಆದರೆ ಇದು ನಿಜವಾಗಿ ನೆನಪಿದೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯೇ ಆಫೀಸು. ಚಿಕ್ಕಮ್ಮ ಬಿಳಿ ಟವೆಲು ತಲೆಗೆ ಹೊದ್ದು ರಾಗಿ ಡ್ರಮ್ಮಿನ ಮುಚ್ಚಳದ ಮೇಲೆ ಸಿಸ್ಟರಾಗಿ ಕೂರುತ್ತಿದ್ದಳು. ನಾನೂ ಅಮ್ಮನೂ ಬಾಗಿಲ ಹೊರಗೆ ನಿಂತು, ಮೇ ಐ ಕಮಿನ್ ಸಿಸ್ಟರ್ ಅಂತ ಕೇಳಿ ಒಳಗೆ ಬರಬೇಕು. ಮೊದಲು ನನ್ನ ಸರದಿ. ಬಣ್ಣ, ಹಣ್ಣು, ಬೆರಳು ಎಣಿಕೆ. ಆಮೇಲೆ ಅಮ್ಮನದು. ಅವಳಿಗೆ ಕೊಟ್ಟದ್ದು ಐದೇ ಸಾಲು. ಮೈ ನೇಮ್ ಈಸ್ ಜಯಲಕ್ಷ್ಮಿ. ಐ ಯಾಮ್ ಎ ಹೌಸ್‌ವೈಫ್. ಐ ಟೀಚ್ ಮೈ ಡಾಟರ್ ಎವ್ರಿ ಡೇ. ಉಳಿದ ಎರಡು ಮರೆತಿದ್ದೇನೆ. ಅಮ್ಮ ಮುದ್ದೆ ಕೋಲು ತಿರುವುತ್ತಾ, ಬಾವಿಕಟ್ಟೆಯಲ್ಲಿ ಬಟ್ಟೆ ಹಿಂಡುತ್ತಾ, ನನಗೆ ತಲೆ ಬಾಚುತ್ತಾ ಅದನ್ನೇ ಹೇಳಿಕೊಳ್ಳುತ್ತಿದ್ದಳು. ಒಬ್ಬಳೇ ಇದ್ದಾಗ ಸರಿಯಾಗಿ ಬರುತ್ತಿತ್ತು. ಟವೆಲು ಹೊದ್ದ ಚಿಕ್ಕಮ್ಮನ ಎದುರಿಗೆ ಬಂದರೆ ಡಾಟರ್ ಅನ್ನುವಲ್ಲಿ ನಾಲಿಗೆ ನಿಂತುಬಿಡುತ್ತಿತ್ತು. ಅವಳು ನಿಂತಾಗ ನಾನು ಮುಂದಿನ ಸಾಲು ಹೇಳಿಬಿಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅಜ್ಜಿ ಹಾಲಿನಿಂದಲೇ, ಮಗೂನೇ ಅವ್ವ, ಅವ್ವನೇ ಮಗು, ಅನ್ನುತ್ತಿದ್ದಳು. ನನಗೆ ಆ ನಗು ಬಹಳ ಹಿತವಾಗಿತ್ತು. ನಗಿಸುವುದಕ್ಕಾಗಿ ನಾನು ಅಮ್ಮ ತಪ್ಪುವುದನ್ನೇ ಕಾಯಲು ಶುರುಮಾಡಿದೆ. ನಾನು ಜನರ ಮುಂದೆ ನಿಂತು ಇನ್ನೊಬ್ಬರ ಮಾತಿನ ತಪ್ಪು ಹಿಡಿದು ಚಪ್ಪಾಳೆ ಗಿಟ್ಟಿಸುವುದನ್ನು ಎಲ್ಲಿ ಕಲಿತೆ ಅಂತ ಕಾಲೇಜಿನಲ್ಲಿ ಕೇಳುತ್ತಿದ್ದರು. ಅಲ್ಲಿ ಕಲಿತೆ.

ಇಂಟರ್‌ವ್ಯೂ ದಿನದ ಬಗ್ಗೆ ನನ್ನ ಹತ್ತಿರ ಇರುವುದು ಎರಡು ತುಂಡು. ಒಂದು, ಅಮ್ಮನ ಹಸಿರು ಸೀರೆ. ಹಿಂದಿನ ದಿನವೇ ಅಂಗಡಿಗೆ ಕೊಟ್ಟು ಇಸ್ತ್ರಿ ಮಾಡಿಸಿ ತಂದದ್ದು, ನಾನು ಮುಖ ಒತ್ತಿದರೆ ಇನ್ನೂ ಇದ್ದಿಲ ಬಿಸಿಯ ವಾಸನೆ ಬರುತ್ತಿತ್ತು. ಅವಳು ನನಗೆ ಎರಡು ಜಡೆ ಹಾಕಿ, ತಾನೂ ಬೇಗ ಸ್ನಾನ ಮಾಡಿ, ಆಂಟಿ ಹೇಳಿದ ಹಾಗೆ ಸಣ್ಣ ಬೊಟ್ಟು ಇಟ್ಟುಕೊಂಡಿದ್ದಳು. ಜ್ವರ ಬಂದ ಹೆಂಗಸು ಹಾಗೆ ಮಾಡುವುದಿಲ್ಲ. ಮನೆಯಲ್ಲೇ ಉಳಿಯುತ್ತೇನೆ ಅಂತ ತಾನಾಗಿ ತೀರ್ಮಾನಿಸಿದವಳೂ ಮಾಡುವುದಿಲ್ಲ. ಎರಡನೇ ತುಂಡಿನಲ್ಲಿ ಆಟೋ ಸಾರಕ್ಕಿಯ ಸಿಗ್ನಲ್ಲಿನಲ್ಲಿ ನಿಂತಿದೆ, ನಾನು ತೊಡೆಯ ಮೇಲೆ ಕೂತಿದ್ದೇನೆ, ಪೌಡರಿನ ವಾಸನೆ ಬರುತ್ತಿದೆ, ತೊಡೆ ಚಿಕ್ಕಮ್ಮನದು. ಅವಳು ನನ್ನ ಕಿವಿಯಲ್ಲಿ, ಇವತ್ತು ಒಂದು ದಿನ ನನ್ನ ಮಮ್ಮಿ ಅನ್ಬೇಕು, ಆಯ್ತಾ, ಅನ್ನುತ್ತಿದ್ದಾಳೆ. ಪಕ್ಕದಲ್ಲಿ ಅಪ್ಪ ಹೊರಗೆ ನೋಡುತ್ತಿದ್ದಾನೆ. ಈ ಎರಡು ತುಂಡಿನ ನಡುವೆ ಏನಾಯಿತು ಅನ್ನುವುದು ನನ್ನ ತಲೆಯಲ್ಲಿ ಇಲ್ಲ.

ಒಳಗೆ ಆದದ್ದನ್ನು ಚಿಕ್ಕಮ್ಮ ಎಷ್ಟು ಸಲ ಹೇಳಿದ್ದಾಳೆಂದರೆ, ನೆನಪು ನನ್ನದೋ ಅವಳದೋ ತಿಳಿಯದು. ಸಿಸ್ಟರ್ ವಯಸ್ಸಾದವರು, ಮೇಜಿನ ಮೇಲೆ ಗಾಜಿನ ಗುಂಡಿನೊಳಗೆ ಒಂದು ಪುಟ್ಟ ಮೇರಿ ಇದ್ದಳು. ನಾನು ಬಣ್ಣ ಹೇಳಿದೆ, ಹಣ್ಣು ಹೇಳಿದೆ. ಯಾರ ಜೊತೆ ಬಂದೆ ಅಂದರೆ ಮಮ್ಮಿ ಡ್ಯಾಡಿ ಅಂದೆ. ಬೆಳಿಗ್ಗೆ ಏನು ತಿಂದೆ ಅಂದರೆ ರೊಟ್ಟಿ. ಮಮ್ಮಿ ಮಾಡಿಕೊಟ್ಟರಾ ಅಂದರೆ, ನೋ ಸಿಸ್ಟರ್, ಅಮ್ಮ ಮೇಕ್ಸ್, ಮಮ್ಮಿ ರೀಡ್ಸ್ ಪೇಪರ್, ಅಂದೆನಂತೆ. ಅಪ್ಪನ ಶರಟಿನ ಬೆನ್ನು ಒದ್ದೆಯಾಯಿತು. ಚಿಕ್ಕಮ್ಮ ನಕ್ಕು, ಮನೆಯಲ್ಲಿ ಎರಡೂ ಹೆಸರಿನಲ್ಲಿ ಕರೀತಾಳೆ ಸಿಸ್ಟರ್, ಅಂತ ಇಂಗ್ಲಿಷಿನಲ್ಲಿ ನಿಭಾಯಿಸಿದಳು. ಸಿಸ್ಟರ್ ಕನ್ನಡಕದ ಮೇಲಿಂದ ಅವಳನ್ನು ಸ್ವಲ್ಪ ಹೊತ್ತು ನೋಡಿ, ಫಾರಂ ನೋಡಿ, ಏನೋ ಬರೆದುಕೊಂಡು, ನನ್ನ ಕೆನ್ನೆ ತಟ್ಟಿ, ಮೊದಲ ದಿನ ಅಳಬಾರದು ಕಣಮ್ಮ, ಅಂತ ಕನ್ನಡದಲ್ಲೇ ಹೇಳಿದರು. ನಮ್ಮ ಕಡೆಯವರಷ್ಟೇ ಸಲೀಸಾದ ಕನ್ನಡ. ಈ ಭಾಗ ಬಂದಾಗ ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅಮ್ಮನ ಐದು ಸಾಲು ಅಲ್ಲಿ ಬೇಕಾಗಿಯೇ ಇರಲಿಲ್ಲ.

ಒಂದು ದಿನ ಅಂದದ್ದು ಹನ್ನೆರಡು ವರ್ಷ ಆಯಿತು. ಒಂದು ಸಲ ತಾಯಿ ಅಂತ ತೋರಿಸಿದ ಮುಖವನ್ನು ಬದಲಾಯಿಸುವುದಕ್ಕೆ ಆಗುತ್ತದೆಯೇ? ಪೇರೆಂಟ್ಸ್ ಮೀಟಿಂಗು, ಸ್ಪೋರ್ಟ್ಸ್ ಡೇ, ಕ್ರಿಸ್‌ಮಸ್ ಕಾರ್ಯಕ್ರಮ, ಎಲ್ಲದಕ್ಕೂ ಚಿಕ್ಕಮ್ಮನೇ. ಶಾಲೆಯ ಮಟ್ಟಿಗೆ ಅವಳ ಹೆಸರು ಜಯಲಕ್ಷ್ಮಿ. ಮಿಸೆಸ್ ಜಯಲಕ್ಷ್ಮಿ ಅಂತ ಟೀಚರು ಕರೆದರೆ ಥಟ್ಟನೆ ತಿರುಗುತ್ತಿದ್ದಳು. ಆ ಶನಿವಾರಗಳಲ್ಲಿ ಅಮ್ಮ ನಮ್ಮಿಬ್ಬರಿಗೂ ಬೇಗ ತಿಂಡಿ ಮಾಡಿಕೊಟ್ಟು, ಚಿಕ್ಕಮ್ಮನ ಸೀರೆಯ ನೆರಿಗೆ ಹಿಡಿದು ಸರಿಮಾಡಿ, ಗೇಟಿನ ತನಕ ಬಂದು ಕಳಿಸುತ್ತಿದ್ದಳು. ವಾಪಸು ಬಂದ ಮೇಲೆ ಟೀಚರ್ ಏನಂದರು ಅಂತ ಚಿಕ್ಕಮ್ಮನನ್ನು ಕೂರಿಸಿಕೊಂಡು ಮೊದಲಿಂದ ಕೊನೆವರೆಗೆ ಕೇಳುತ್ತಿದ್ದಳು. ಚಿಕ್ಕಮ್ಮ ಟೀಚರ ಧ್ವನಿಯಲ್ಲೇ ಹೇಳುತ್ತಿದ್ದಳು. ಅಮ್ಮನ ಕಿವಿಗೆ ನನ್ನ ಶಾಲೆ ಬಿದ್ದದ್ದೆಲ್ಲ ಹೀಗೆಯೇ. ಒಮ್ಮೆ ಮಾತ್ರ, ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಮರೆತು ಹೋದ ಊಟದ ಡಬ್ಬಿ ಹಿಡಿದುಕೊಂಡು ಶಾಲೆಯ ಗೇಟಿಗೆ ಬಂದಳು. ವಾಚ್‌ಮನ್ ಅಂಕಲ್ ನೀವು ಮಗೂಗೆ ಏನಾಗ್ಬೇಕು ಅಂತ ಕೇಳಿದ. ನಾನು ಅಷ್ಟು ಹೊತ್ತಿಗೆ ಗೇಟಿನ ಹತ್ತಿರ ಬಂದಿದ್ದೆ, ಕೇಳಿಸಿತು. ಅಮ್ಮ ಒಂದು ಕ್ಷಣವೂ ತಡವರಿಸದೆ, ದೊಡ್ಡಮ್ಮ, ಅಂದಳು. ಚಿಕ್ಕಮ್ಮ ತಾಯಿಯಾದರೆ ಅವಳ ಅಕ್ಕ ದೊಡ್ಡಮ್ಮ ಆಗಬೇಕಷ್ಟೆ, ಸಂಬಂಧ ಸರಿಯಾಗಿಯೇ ಇತ್ತು. ಅದನ್ನು ಅವಳು ದಾರಿಯಲ್ಲಿ ಯೋಚಿಸಿಕೊಂಡೇ ಬಂದಿದ್ದಳು ಅಂತ ಈಗ ಅನ್ನಿಸುತ್ತದೆ. ಆಗ ನನಗೆ ಅನ್ನಿಸಿದ್ದು ಬೇರೆ: ಸದ್ಯ, ಸರಿಯಾಗಿ ಹೇಳಿದಳು.

ಇನ್ನೊಂದು ಸಂಜೆ. ನಾಲ್ಕನೇ ಕ್ಲಾಸು. ಚಿಕ್ಕಮ್ಮ ತನ್ನ ತಂದೆಗೆ ಹುಷಾರಿಲ್ಲವೆಂದು ಮೈಸೂರಿಗೆ ಹೋಗಿದ್ದಳು, ಮರುದಿನವೇ ಮಾರ್ಕ್ಸ್ ಕಾರ್ಡು ಸೈನು ಹಾಕಿಸಿ ಕೊಡಬೇಕಿತ್ತು. ಅಪ್ಪ ಹಾಕಬಹುದಿತ್ತು, ಆದರೆ ನಮ್ಮ ಕ್ಲಾಸ್ ಟೀಚರಿಗೆ ತಾಯಿಯ ಸೈನೇ ಆಗಬೇಕು. ಅಲ್ಲಿಯ ತನಕ ಜಯಲಕ್ಷ್ಮಿ ಅಂತ ಇಂಗ್ಲಿಷಿನಲ್ಲಿ, ಜೆ ಅಕ್ಷರದ ಬಾಲ ಎಳೆದು, ಸೈನು ಹಾಕುತ್ತಿದ್ದವಳು ಚಿಕ್ಕಮ್ಮ. ಅಮ್ಮ ಹಳೆಯ ಕಾರ್ಡು ಎದುರಿಗೆ ಇಟ್ಟುಕೊಂಡು, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ, ತನ್ನ ಹೆಸರನ್ನು ತಾನೇ ಕಾಪಿ ಮಾಡುತ್ತಾ ಕೂತಳು. ಇಡೀ ಪುಟ ತುಂಬಿತು. ನಾನು ಪಕ್ಕದಲ್ಲಿ ಕೂತು, ಹಂಗಲ್ಲ, ಬಾಲ ಇನ್ನೂ ಉದ್ದ, ಮಿಸ್ಸಿಗೆ ಗೊತ್ತಾಗ್ಬಿಡತ್ತೆ, ಅಂತ ತಿದ್ದುತ್ತಿದ್ದೆ. ಕೊನೆಗೆ ಕಾರ್ಡಿನ ಮೇಲೆ ಹಾಕುವಾಗ ಬಾಲ ಗೆರೆಯಿಂದ ಆಚೆ ಹೋಯಿತು. ನಾನು ಅತ್ತೆ. ಅಮ್ಮ ಅಳಲಿಲ್ಲ, ಅಕ್ಕಪಕ್ಕದವರ ಮಗುವಿನ ವಸ್ತು ಒಡೆದವಳ ಹಾಗೆ, ತಪ್ಪಾಯ್ತು ಪುಟ್ಟಿ, ಅಂದಳು. ಆ ಸೈನನ್ನು ಟೀಚರ್ ತಿರುಗಿಯೂ ನೋಡಲಿಲ್ಲ.

ಚಿಕ್ಕಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನಗೆ ಸುಲಭವಾಗಿತ್ತು, ಬಹಳ ವರ್ಷ ನಿಲ್ಲಿಸಿಯೂ ಇದ್ದೆ. ಕಾಲೇಜಿಗೆ ಬಂದ ಮೇಲೆ ಅವಳ ಜೊತೆ ನನ್ನ ಮಾತು ಮೊನಚಾಯಿತು. ಫಾರಂನಲ್ಲಿ ಸುಳ್ಳು ಬರೆದವಳು ನೀನು, ಅದರ ಲಾಭ ತಗೊಂಡವಳೂ ನೀನು, ಅಂತ ಒಮ್ಮೆ ಊಟದ ಎದುರಿಗೇ ಅಂದೆ. ಅವಳು ತಟ್ಟೆಯಲ್ಲೇ ಕೈತೊಳೆದು ಮಹಡಿಗೆ ಹೋದಳು. ಅಮ್ಮ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು. ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು. ಹತ್ತನೇ ಕ್ಲಾಸು ಮುಗಿಸಿ ಟಿಸಿ ತರಲು ನಾನೂ ಚಿಕ್ಕಮ್ಮನೂ ಹೋಗಿದ್ದ ದಿನ, ಅವಳು ಆಫೀಸಿನ ಗುಮಾಸ್ತ ತೋರಿಸಿದ ಕಡೆ ಸೈನು ಹಾಕಿ ಪೆನ್ನು ಹಿಂದಿರುಗಿಸದೆ, ಇನ್ನೆಲ್ಲೂ ಬೇಡ್ವಾ ಸಾರ್, ಅಂತ ಕೇಳಿದಳು. ಬೇಡ ಮೇಡಂ, ಮುಗೀತು, ಅಂದ ಆತ. ಬಸ್ಸಿನಲ್ಲಿ ಕೋಣನಕುಂಟೆ ಕ್ರಾಸು ಬರುವ ತನಕ ಅವಳು ಟಿಸಿಯ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದಳು. ನಾನು ಕಿಟಕಿಯ ಹತ್ತಿರ ಕೂತು ಯಾವ ಪಿಯು ಕಾಲೇಜು ಅಂತ ಯೋಚಿಸುತ್ತಿದ್ದೆ.

ಹೋದ ತಿಂಗಳು ಜೆ.ಪಿ. ನಗರದ ಆಸ್ಪತ್ರೆಯಲ್ಲಿ, ಡಾಕ್ಟರು ಕೈ ಚೆಲ್ಲಿದ ಮೇಲೆ, ಹಗಲು ಹೊತ್ತು ಚಿಕ್ಕಮ್ಮನ ಪಕ್ಕದಲ್ಲಿ ನಾನೇ ಇರುತ್ತಿದ್ದೆ. ಮಾತಾಡುವಷ್ಟು ಉಸಿರು ಇದ್ದ ಒಂದು ಬೆಳಿಗ್ಗೆ, ಎಳನೀರು ಕುಡಿಸುವಾಗ, ಆ ಎರಡು ತುಂಡಿನ ನಡುವಿನದನ್ನು ಕೇಳಿದೆ. ಜಗಳಕ್ಕಲ್ಲ ಚಿಕ್ಕಮ್ಮ, ಸುಮ್ನೆ ಕೇಳ್ತಿದ್ದೀನಿ, ಅಮ್ಮನ್ನ ಬೇಡ ಅಂದೋರು ಯಾರು, ಅಂದೆ. ಅಪ್ಪ ಅನ್ನುತ್ತಾಳೆ, ಇಲ್ಲವೇ ಅಜ್ಜಿ. ಎರಡಕ್ಕೂ ನಾನು ತಯಾರಾಗಿದ್ದೆ. ಅವಳು ಎಳನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಅಕ್ಕ ಆಟೋ ಹತ್ತಿ ಕೂತಿದ್ಲು ಕಣೇ. ನೀನೇ ಹತ್ಲಿಲ್ಲ. ಅಮ್ಮ ಬಂದ್ರೆ ನಾವು ಫೇಲಾಗ್ತೀವಿ, ಚಿಕ್ಕಮ್ಮ ಬರ್ಲಿ ಅಂತ ಗೇಟು ಹಿಡ್ಕೊಂಡು ನಿಂತ್ಬಿಟ್ಟೆ."

ಆಮೇಲೆ, ಅಂದೆ.

"ಆಮೇಲೇನು, ಅಕ್ಕ ಇಳಿದ್ಲು. ಒಂದು ಮಾತಾಡ್ಲಿಲ್ಲ. ನಿನ್ನ ಎತ್ತಿ ಆಟೋದಲ್ಲಿ ಕೂರಿಸಿ, ಸುಧಾ, ಬೇಗ ಸೀರೆ ಉಟ್ಕೊಂಡು ಬಾ, ಹೊತ್ತಾಗತ್ತೆ ಅಂದ್ಲು. ನಂಗೆ ಖುಷಿಯಾಯ್ತು ಪುಟ್ಟಿ. ಅದನ್ನೂ ಹೇಳ್ಬಿಡ್ತೀನಿ. ಮೆಟ್ಲು ಹತ್ತೋವಾಗ ನಂಗೆ ಖುಷಿಯಾಯ್ತು."

ನಾಲ್ಕು ದಿನದ ಮೇಲೆ ಅವಳು ತೀರಿಕೊಂಡಳು. ಆ ನಾಲ್ಕು ದಿನ, ಆಮೇಲಿನ ಹನ್ನೊಂದು ದಿನ, ನಾನು ನನ್ನ ಪರವಾಗಿ ವಾದ ಹೂಡುತ್ತಲೇ ಇದ್ದೆ. ನಾಲ್ಕು ವರ್ಷದ ಮಗುವಿಗೆ ಫೇಲು ಅನ್ನುವ ಮಾತು ಎಲ್ಲಿಂದ ಬರುತ್ತದೆ? ಯಾರೋ ಆಡಿದ್ದನ್ನು ಕೇಳಿಸಿಕೊಂಡಿರಬೇಕು. ಟವೆಲು ಹೊದ್ದ ಚಿಕ್ಕಮ್ಮನೇ ತಮಾಷೆಗೆ, ಹಿಂಗಂದ್ರೆ ಫೇಲಾಗ್ತೀವಕ್ಕ, ಅಂದಿರಬಹುದು. ಅಪ್ಪ ಹಿಂದಿನ ಸಂಜೆ ಅಜ್ಜಿಯ ಹತ್ತಿರ ಅಂದಿರಬಹುದು. ಅಪ್ಪನನ್ನು ಕೇಳಿದೆ. ಅಷ್ಟು ಹಳೇದೆಲ್ಲ ಯಾರಿಗೆ ನೆನಪಿರತ್ತಮ್ಮ, ಅಂತ ಕೇಬಲ್ ಚಾನಲ್ ಬದಲಾಯಿಸಿದ. ಮಾತು ಯಾರದೇ ಇರಲಿ, ಆ ಮಗು ಅದನ್ನು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ ಆಡಿತು. ಅಷ್ಟರ ಮಟ್ಟಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಮತ್ತೆ ಜ್ವರ, ತಾನಾಗಿ, ತ್ಯಾಗ, ಇವೆಲ್ಲ ಯಾಕೆ ಹುಟ್ಟಿದವು ಅನ್ನುವುದೂ ತಿಳಿಯಿತು. ಇಪ್ಪತ್ತು ವರ್ಷದಿಂದ ಇಡೀ ಮನೆ ಸುಳ್ಳು ಹೇಳುತ್ತಿದ್ದದ್ದು ತನ್ನನ್ನು ಕಾಯ್ದುಕೊಳ್ಳುವುದಕ್ಕಲ್ಲ.

ನಿನ್ನೆ ಮಧ್ಯಾಹ್ನ ಶಾಮಿಯಾನದವರು ಕಂಬ ಕಿತ್ತುಕೊಂಡು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಅಮ್ಮ ಅಡುಗೆಮನೆಯ ನೆಲದಲ್ಲಿ ಕೂತು, ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದಳು. ನಾನೂ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡೆ. ಚಿಕ್ಕಮ್ಮ ಆಸ್ಪತ್ರೆಯಲ್ಲಿ ಎಲ್ಲ ಹೇಳಿದಳು ಅಂದೆ. ಅಮ್ಮನ ಬೆರಳು ನಿಲ್ಲಲಿಲ್ಲ.

"ಅವಳಿಗೆ ಕೊನೇಲಿ ಜ್ಞಾನ ಎಲ್ಲಿತ್ತು ಬಿಡು. ನಾನೇ ತಾನೆ ಬೇಡ ಅಂದಿದ್ದು."

ಕಾಳು ಬಟ್ಟಲಿಗೆ ಬೀಳುತ್ತಿತ್ತು, ಸಿಪ್ಪೆ ಮೊರಕ್ಕೆ. ಅವಳ ಮಾತಿನಲ್ಲಿ ಎಷ್ಟು ಬಿರುಕಿದೆ ಅಂತ ನನಗೆ ಗೊತ್ತಿತ್ತು, ಒಂದೊಂದಾಗಿ ತೋರಿಸಬಹುದಿತ್ತು. ತೋರಿಸಲಿಲ್ಲ. ಅವತ್ತು ನಾನು ಏನಂದೆ ಅಂತ ಕೇಳುವುದೂ ಬೇಕಾಗಿರಲಿಲ್ಲ. ನನ್ನ ಬಾಯಿಗೆ ಬಂದದ್ದು ಬೇರೆಯೇ, ಅದನ್ನು ಕೇಳಿದೆ. ಅವಳು ಮೊರ ಎತ್ತಿಕೊಂಡು ಸಿಪ್ಪೆ ಚೆಲ್ಲಲು ಹಿತ್ತಲಿಗೆ ಹೋದಳು, ಸಂಜೆ ದೀಪ ಹಚ್ಚಿದಳು, ಸಾರಿಗೆ ಉಪ್ಪು ನೋಡು ಅಂತ ಕರೆದಳು, ಅದಕ್ಕೆ ಮಾತ್ರ ಏನೂ ಹೇಳಲಿಲ್ಲ. ಇವತ್ತು ಅದೇ ಪ್ರಶ್ನೆಯನ್ನು ಬರೆದು ಇಡುತ್ತಿದ್ದೇನೆ, ಕನ್ನಡದಲ್ಲಿ, ಅವಳು ಓದುತ್ತಾಳೆ.

ಅಮ್ಮ, ಹನ್ನೆರಡು ವರ್ಷ ಇತ್ತಲ್ಲ, ಅಷ್ಟೊಂದು ಶನಿವಾರ. ಗೇಟಿನ ತನಕ ಬರ್ತಿದ್ಯಲ್ಲ, ಇವತ್ತಾದ್ರೂ ಪುಟ್ಟಿ ನೀನೂ ಬಾ ಅಂತಾಳಾ ಅಂತ ಕಾಯ್ತಿದ್ಯಾ?